ನಾಲ್ಕನೆಯ ನಿಯಮ

ಮೂವರು ನಾವು, ಕ್ಯಾಮೆರಾ ಒಂದೇ,
ಅದೂ ಶಾಲೆಯದು.
ಎಲ್ಜಾನ್‌ಗೆ ಇಪ್ಪತ್ತು ನಿಮಿಷ, ಡಾವೆಬ್‌ಗೆ ಇಪ್ಪತ್ತು,
ಉಳಿದದ್ದು ನನಗೆ, ಉಳಿದರೆ.
ಅಲ್ಲಿಯವರೆಗೆ ಬಿಸ್ಕತ್ತು ಡಬ್ಬಿಯ ಮುಚ್ಚಳ ಹಿಡಿದು
ಬೇಕಾದ ಕಡೆಗೆ ಬೆಳಕು ತಿರುಗಿಸುವ ಚಾಕರಿ.

ನಸುಕಿಗೆ ಮುಂಚೆ ಕಡಲ ಕಡೆಯಿಂದ ಮಂಜು ಬಂತು,
ಮಲಗಿದವರ ನಡುವೆ ಕಾಲಿಡುವವರ ಹಾಗೆ.
ದಿಬ್ಬದ ನೆತ್ತಿಯಲ್ಲಿ ಕಪ್ಪು ಜೀರುಂಡೆ
ತಲೆ ಕೆಳಗೆ, ಬೆನ್ನು ಮೇಲೆ,
ಮೈಯಲ್ಲಿ ಕೂಡಿದ ಹನಿ ಬಾಯಿಗಿಳಿಯಲೆಂದು
ಕಾದಿತ್ತು.
ಡಾವೆಬ್ ಹೊಟ್ಟೆಯ ಮೇಲೆ ತೆವಳಿದ.
ಅವನದೇ ಉಸಿರಿಗೆ ಲೆನ್ಸು ಮಸುಕಾಯಿತು,
ಅಂಗಿಯ ಚುಂಗಿನಲ್ಲಿ ಒರೆಸುವಷ್ಟರಲ್ಲಿ
ಅದು ಕುಡಿದು, ಮುಗಿಸಿ, ಹೊರಟೇಹೋಗಿತ್ತು.
ಹದಿನೇಳು ಚಿತ್ರ. ಹದಿನೇಳರಲ್ಲೂ ಮರಳು.
'ಮರಳು ಚೆನ್ನಾಗಿ ಬಂದಿದೆ' ಎಂದೆ.
ಬೆನ್ನಿಗೊಂದು ಬಿತ್ತು.

ಎಲ್ಜಾನ್ ಕಂಡದ್ದು ಹಾವು.
ಹಾವಲ್ಲ, ಎರಡು ಕಣ್ಣು,
ಅಂಗಿಯಿಂದ ಕಿತ್ತುಬಿದ್ದ ಗುಂಡಿಗಳಂತೆ ಮರಳಲ್ಲಿ.
ಮೂರು ಮಾರು ದೂರದಲ್ಲಿ ಮಂಡಿಯೂರಿ
ಒತ್ತಿದಳು, ಮತ್ತೆ ಒತ್ತಿದಳು.
ರೆಪ್ಪೆಯಿಲ್ಲದ್ದು ಮಿಟುಕಿಸುವುದೆಲ್ಲಿಂದ?
ಅವಳೂ ಮಿಟುಕಿಸಲಿಲ್ಲ.
ಬಹುಮಾನ ಅವಳಿಗೇ ಎಂದುಕೊಂಡೆ,
ಸ್ವಲ್ಪ ಹೊಟ್ಟೆ ಉರಿಯಿತು.

ನನ್ನ ಸರದಿಗೆ ಬ್ಯಾಟರಿಯಲ್ಲಿ ಒಂದೇ ಗೀಟು,
ಆಕಾಶ ಆಗಲೇ ಕಾದ ಹಂಚು.
ನೀರಿಲ್ಲದ ಕುಯಿಸೆಬ್ ನದಿಯ ಈಚೆ ದಡದಲ್ಲಿ
ಗುಡಿಸಲೆತ್ತರಕ್ಕೆ ಮರಳು ತಬ್ಬಿ ಕೂತ
ನಾರಾ ಪೊದೆ. ಎಲೆಯಿಲ್ಲ, ಬರೀ ಮುಳ್ಳು,
ಮುಳ್ಳ ನಡುವೆ ಮುಳ್ಳು ಮೈಯ ಹಣ್ಣು.
ಅದರೊಳಗೆ ಕಣ್ಣವರೆಗೆ ಮುಖ ಹುದುಗಿಸಿದ್ದ
ನರಿ.
ಮುಚ್ಚಳವನ್ನು ಕಲ್ಲಿಗೊರಗಿಸಿದೆ.
ಬೆಳಕು ಬಿದ್ದ ಕಡೆಗೆ ಅದು ತಲೆ ಎತ್ತಿತು:
ಮೀಸೆಯ ತುಂಬ ಹಳದಿ ತಿರುಳು,
ಮೂಗಿನ ತುದಿಗೆ ಅಂಟಿದ ಬೀಜ.
ಒಂದೇ ಸಲ ಒತ್ತಿದೆ.
ಕ್ಯಾಮೆರಾ ಕಣ್ಣು ಮುಚ್ಚಿತು.

ಸ್ಪರ್ಧೆಯ ನಾಲ್ಕನೆಯ ನಿಯಮ:
ಚಿತ್ರದಲ್ಲಿ ಮನುಷ್ಯರ ಗುರುತು ಕೂಡದು.
ಎಡ ಮೂಲೆಯಲ್ಲಿ ನನ್ನ ಹೆಜ್ಜೆಗಳಿದ್ದವು, ಎರಡೂವರೆ.
'ಕತ್ತರಿಸು' ಎಂದ ಡಾವೆಬ್.
'ಅಳಿಸಬಹುದು, ನಿಮಿಷದ ಕೆಲಸ' ಎಂದಳು ಎಲ್ಜಾನ್.

ಅಜ್ಜಿಗೆ ತೋರಿಸಿದೆ.
ಅವಳು ನರಿಯನ್ನು ನೋಡಲಿಲ್ಲ, ಹೆಜ್ಜೆಯನ್ನೂ.
'ಅದು ಸನ್ನಾಳ ಪೊದೆ,' ಎಂದಳು,
'ಕೇಳದೆ ಹೋದೆಯಾ?'
ಸನ್ನಾ ತೀರಿಕೊಂಡು ಹನ್ನೊಂದು ವರ್ಷ.
'ಆದರೇನು? ಅವಳವ್ವನದೂ ಅದೇ ಪೊದೆ,
ಅವಳವ್ವನವ್ವನದೂ.'
ಬೆರಳು ಪರದೆಯ ಮೇಲೆ ನಡೆಯುತ್ತ ಹೋಯಿತು:
ಹಿಂದಿನ ಬೋಳು ದಿಬ್ಬ ಯಾರದು,
ಅದರಾಚೆಯ ಎರಡು ಪೊದೆ ಯಾರ ವರದಕ್ಷಿಣೆಯ ಜಗಳ,
ಯಾವುದರ ಬುಡದಲ್ಲಿ ಯಾರು ಹುಟ್ಟಿದರು.
ನಾನು ಬಯಲು ಎಂದುಕೊಂಡದ್ದರಲ್ಲಿ
ಕಾಲಿಡಲು ಜಾಗವಿರಲಿಲ್ಲ.

ಸನ್ನಾಳ ಮಗ ಕತ್ತೆಗಾಡಿಯ ಚಕ್ರ ಬಿಚ್ಚಿ ಕೂತಿದ್ದ.
ಗ್ರೀಸಿನ ಕೈ ತಾಗಿಸದೆ, ಬಗ್ಗಿ, ಬಹಳ ಹೊತ್ತು ನೋಡಿದ.
'ಇವನು ಹೋದ ವರ್ಷವೂ ಬಂದಿದ್ದ, ಕಳ್ಳ.
ಇವನೆಲ್ಲಿ ಕೇಳಿದ?' ನಕ್ಕ.
ಮತ್ತೆ ನಗು ನಿಲ್ಲಿಸಿ,
'ಕಳಿಸು. ಅವ್ವನ ಹೆಸರು ಹಾಕು.'

ಅರ್ಜಿಯಲ್ಲಿ ಆ ಹೆಸರಿಗೆ ಮನೆಯಿಲ್ಲ.
ಜೀವಿಯ ಹೆಸರು, ಗಿಡದ ಹೆಸರು, ಸ್ಥಳ, ಸಮಯ.
ಗಿಡದ ಹೆಸರಿಗಾದರೂ ಮೊದಲು
ನಾಲಿಗೆ ಅಂಗುಳಕ್ಕೆ ಬಡಿದು ಟಕ್ಕೆನ್ನಬೇಕು,
ಆಮೇಲೆ ನಾರಾ.
ಆ ಟಕ್ಕನ್ನು ಕಂಪ್ಯೂಟರ್ ಒಲ್ಲೆ ಎಂದಿತು,
ಕೆಂಪು ಗೆರೆ ಎಳೆದು ತಿದ್ದು ಎಂದಿತು.

ಹೊರಗೆ ಹೊತ್ತು ಮುಳುಗಿ
ಬಿಲದ ಬಾಯಿಗೆ ಬಂದ ಮರಳಹಲ್ಲಿಗಳು
ದಿಬ್ಬದಿಂದ ದಿಬ್ಬಕ್ಕೆ ಲೊಚಗುಟ್ಟುತ್ತಿದ್ದವು,
ಅದೇ ಅಕ್ಷರ, ಅದೇ ಅಕ್ಷರ.
ಸ್ಥಳ ಎಂಬ ಮನೆಯಲ್ಲಿ
ಸನ್ನಾ ಎಂದು ಬರೆದೆ.