ಹಾಲು, ನೀರು, ಡೀಸೆಲ್

ವಿರಾಜಪೇಟೆ ಗಡಿಯಾರ ಕಂಬದ ಹತ್ತಿರ
ಝೆರಾಕ್ಸ್ ಅಂಗಡಿಯ ಮೇಲೆ, ಮರದ ಹನ್ನೊಂದು ಮೆಟ್ಟಿಲು ಹತ್ತಿದರೆ
ಫಿಲೋಮಿನಾ ಮೇಡಂ. ಕನ್ನಡಕ ಮೂಗಿನ ತುದಿಗಿಳಿಸಿ ಕೇಳಿದರು:
‘ಬರುವ ಮಾರ್ಚಿಗೆ ಎಷ್ಟು ದುಡಿದಿರುತ್ತೀಯ, ಹಂಸ?’

ಆಗಿನ್ನೂ ಜೂನ್ ಎಂಟು.
ನನ್ನ ತೊಡೆಯ ಮೇಲೆ ಬಿಲ್ಲು ತುಂಬಿದ ಬಿಸ್ಕತ್ತಿನ ಡಬ್ಬ,
ಕೆಳಗೆ ನಿಲ್ಲಿಸಬಾರದಲ್ಲಿ ನಿಂತ ಪಿಕಪ್ಪು,
ಅದರ ಹೊಟ್ಟೆಯಲ್ಲಿ ಇಪ್ಪತ್ತೇಳು ಪಾರ್ಸೆಲ್:
ಪಾಲಿಬೆಟ್ಟಕ್ಕೆ ನಾಯಿಯ ಔಷಧಿ, ಅಮ್ಮತ್ತಿಗೆ ಪಲ್ಪರಿನ ಬೆಲ್ಟು,
ಮಾಲ್ದಾರೆಗೆ ಯಾರದೋ ಮದುವೆಯ ಕೆಂಪು ಸೀರೆ.
‘ಮೇಡಂ, ಇವತ್ತು ಸಂಜೆ ಮಾಲ್ದಾರೆ ರಸ್ತೆಯಲ್ಲಿ
ಆನೆ ಉಂಟೋ ಇಲ್ಲವೋ, ನನಗೆ ಅದೇ ಗೊತ್ತಿಲ್ಲ.’

ಅವರು ನಗಲಿಲ್ಲ.
‘ತೋಟದವರು ಹೂ ನೋಡಿ ಫಸಲು ಹೇಳುತ್ತಾರಲ್ಲ,
ಹಾಗೆ ಹೇಳು. ತಪ್ಪಿದರೆ ತಿದ್ದೋಣ.
ಸಂಬಳದವರಿಗೆ ಕತ್ತರಿಸಿಯೇ ಕೈಗೆ ಕೊಡುತ್ತಾರೆ.
ನಿನಗೆ ನೀನೇ ಧಣಿ, ನೀನೇ ಕತ್ತರಿ.’

ಬರೆದೆವು. ವರ್ಷದ ತೆರಿಗೆ ನಲವತ್ತು ಸಾವಿರ.
ಜೂನಿಗೆ ಆರು, ಸೆಪ್ಟೆಂಬರಿಗೆ ಹನ್ನೆರಡು,
ಡಿಸೆಂಬರಿಗೆ ಇನ್ನೊಂದು ಹನ್ನೆರಡು, ಮಾರ್ಚಿಗೆ ಉಳಿದ ಹತ್ತು.
ಎಲ್ಲಕ್ಕೂ ತಾರೀಕು ಹದಿನೈದು.
ಆಮೇಲೆ ಪೆನ್ನಿನ ತುದಿಯಿಂದ ನನ್ನ ಹೆಸರು ತಟ್ಟಿ:
‘ಹಂಸ ಅಂತ ಇಟ್ಟುಕೊಂಡಿದ್ದೀಯ,
ಹಾಲು ನೀರು ಬೇರೆ ಮಾಡಲು ಬರುವುದಿಲ್ಲವಾ?’

ನನ್ನದು ಹಕ್ಕಿಯ ಹೆಸರಲ್ಲ.
ಉಪ್ಪಾಪ್ಪ ಕಿವಿಯಲ್ಲಿ ಊದಿದ್ದು ಹಂಝಾ, ಶೂರನೊಬ್ಬನ ಹೆಸರು.
ಸಿದ್ದಾಪುರದ ಶಾಲೆಯಲ್ಲಿ ಮೇಷ್ಟ್ರಿಗೆ ಝ ಬರೆಯಲು ಸೋಮಾರಿತನ,
ಬಿಳಿ ಹಕ್ಕಿ ಮಾಡಿಬಿಟ್ಟರು.
ಪ್ಯಾನ್ ಕಾರ್ಡಲ್ಲೂ ಅದೇ ಕೊಕ್ಕು.

ರಾತ್ರಿ ಆ ಕೊಕ್ಕು ಅದ್ದಿ ಕೂತೆ.
ಡೀಸೆಲ್ ನೀರು. ಟಯರ್ ನೀರು.
ಗಾಡಿ ಸಾಲದ ಬಡ್ಡಿ ನೀರು, ಅಸಲು ಮಾತ್ರ ಹಾಲಂತೆ.
ದಾರಿಯಲ್ಲಿ ಕುಡಿದ ಚಾ? ‘ಅದು ನಿನ್ನ ಹೊಟ್ಟೆ’ ಎಂದಿದ್ದರು ಮೇಡಂ.
ಗೇಟಿನವರೆಗೆ ಬಂದು ‘ಬೇಡ, ವಾಪಸು’ ಅಂದ ಹೋಂಸ್ಟೇಯವನ
ಆ ಹತ್ತು ಮೈಲಿಯನ್ನು ಯಾವ ಪಾತ್ರೆಗೆ ಹಾಕಲಿ?
ಡ್ಯಾಶ್‌ಬೋರ್ಡಿನ ಬಿಸಿಲು ತಿಂದು
ಬಂಕಿನ ಚೀಟಿಗಳೆಲ್ಲ ಬೆಳ್ಳಗೆ, ಒಂದಂಕಿಯಿಲ್ಲ.
ನಬೀಸ ಒಂದನ್ನು ದೀಪಕ್ಕೆ ಹಿಡಿದಳು:
‘ಇದು ಹಾಲಾ, ನೀರಾ?’

ಸೆಪ್ಟೆಂಬರಿನದು ಕಟ್ಟಿದೆ.
ಹೇಗೆಂದು ನನ್ನನ್ನಲ್ಲ,
ನಬೀಸಳ ಬರಿ ಕಿವಿಯನ್ನು ಕೇಳಿ.

ಡಿಸೆಂಬರಿನಲ್ಲಿ ತೋಟತೋಟದಲ್ಲಿ ಕುಯ್ಲು,
ರೂಮುರೂಮಿಗೆ ಪ್ರವಾಸಿಗಳು, ಪಾರ್ಸೆಲ್ಲಿಗೆ ಜಾಗ ಸಾಲದೆ
ಎರಡು ಸಲ ಓಡಿದೆ ದಿನಕ್ಕೆ.
ಹಾರ್ಲಿಕ್ಸ್ ಬಾಟಲಿಯಲ್ಲಿ ಹನ್ನೆರಡು ಸಾವಿರ ತುಂಬಿ
ಹದಿಮೂರನೇ ತಾರೀಕು, ಅಮ್ಮತ್ತಿ ಏರು.
ಆನೆ ಬರಲಿಲ್ಲ. ಕ್ಲಚ್ಚು ಹೋಯಿತು.
ಬಾಟಲಿ ಗೋಣಿಕೊಪ್ಪದ ಮೆಕ್ಯಾನಿಕ್ಕಿನ ಮೇಜಿನ ಮೇಲೆ
ಬೋರಲಾಯಿತು.

ಜನವರಿಯಲ್ಲಿ ಮತ್ತೆ ಹನ್ನೊಂದು ಮೆಟ್ಟಿಲು.
ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ.
ಮೇಡಂ ಕೂಡಿಸಿದರು, ಇನ್ನೊಮ್ಮೆ ಕೂಡಿಸಿದರು.
‘ತಡಕ್ಕೆ ತಿಂಗಳಿಗೆ ನೂರಕ್ಕೊಂದು ಬಡ್ಡಿ, ಅದಿರಲಿ.
ಹೂ ನೀನು ಹೇಳಿದ್ದಕ್ಕಿಂತ ಹೆಚ್ಚು ಕಚ್ಚಿದೆಯಲ್ಲೋ.
ತೆರಿಗೆ ಇನ್ನೂ ಆರು ಸಾವಿರ ಮೇಲಕ್ಕೆ.’

ಮೆಟ್ಟಿಲಿಳಿಯುವಾಗ ಹೊಟ್ಟೆ ಉರಿಯಿತು.
ಕೊನೆಯ ಮೆಟ್ಟಿಲಲ್ಲಿ, ನಾಚಿಕೆಯೇನು, ಒಂದಿಷ್ಟು ಹೆಮ್ಮೆಯೂ.
ಜೂನಿನಲ್ಲಿ ಇಷ್ಟೇ ನಾನು ಎಂದು
ನನ್ನನ್ನೇ ಕಡಿಮೆಗೆ ತೂಗಿದ್ದೆ.

ಮಾರ್ಚ್ ಹದಿನಾಲ್ಕು, ಇರುಳು ಎಂಟೂವರೆ.
ಮಾಲ್ದಾರೆ ರಸ್ತೆಯ ನಡುವೆ ನಿಂತಿದೆ, ಈಗ ಬಂತು ನೋಡಿ.
ಇಂಜಿನ್ ಆರಿಸಿದೆ. ದೀಪ ಆರಿಸಿದೆ.
ಸಿಗ್ನಲ್ಲು ಒಂದೇ ಕಡ್ಡಿ.
ಬೆಳಕು ಹೊರಗೆ ಹೋಗದಂತೆ ಫೋನನ್ನು ಅಂಗಿಯೊಳಗಿಟ್ಟು
ಕೊನೆಯ ಕಂತು ಒತ್ತಿದೆ. ಸುತ್ತಿತು, ಸುತ್ತಿತು,
ಚಲನ್ ನಂಬರು ಬಿತ್ತು.
ಸರಕಾರಕ್ಕೆ ಗೊತ್ತಾಯಿತು. ಆನೆಗೆ ಗೊತ್ತಿಲ್ಲ.
ಅದು ಬಿದಿರು ಮುರಿಯುತ್ತ ಅಲ್ಲೇ ಇತ್ತು.

ಹೂಮಳೆ ಬಿದ್ದು ವಾರವಾಗಿತ್ತು.
ಬೇಲಿ ದಾಟಿ ಕಿಟಕಿಗೆ ತಾಗಿದ ಕಾಫಿ,
ಬೆಳ್ಳಗೆ, ಮಾಸಿದ ಚೀಟಿಗಳ ಹಾಗೆ, ಒಂದಂಕಿಯಿಲ್ಲದೆ.
ಗಿಡದ ಕೊಂಬೆಗೆ ತೋಟದವರು ರೆಕ್ಕೆ ಅನ್ನುತ್ತಾರೆ.
ಆನೆ ದಾಟುವವರೆಗೆ ಬೇರೇನು ಕೆಲಸ?
ಒಂದು ರೆಕ್ಕೆ ಹಿಡಿದು, ಕತ್ತಲಲ್ಲೇ,
ಗೆಣ್ಣುಗೆಣ್ಣು ಎಣಿಸತೊಡಗಿದೆ.