ಏಳು ಸುತ್ತು

ವುಚ್ ಊರಿನ ನಾಲ್ಕನೆಯ ಮಹಡಿ. ಅಡುಗೆಮನೆ ಮೇಜಿನಲ್ಲಿ
ಬೊಗುಮಿವಾ ಸ್ಕ್ರೂಡ್ರೈವರಿಗೆ ತಂತಿ ಸುತ್ತುತ್ತಾಳೆ,
ಏಳು ಸುತ್ತು, ಒಂದಕ್ಕೊಂದು ಒತ್ತಿ.
ಎಂಟಾದರೆ ಅಣ್ಣ ಲೆಶೆಕ್ ಗೊಣಗುತ್ತಾನೆ.

ಮೂವತ್ತೊಂದು ವರ್ಷ ನೂಲಿನ ಗಿರಣಿಯಲ್ಲಿದ್ದವಳು.
ಗಿರಣಿ ಈಗ ಹೋಟೆಲು.
ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಯಾರೋ ಹಲ್ಲುಜ್ಜುತ್ತಾರೆ.

ಗುಂಡಿ ಒತ್ತಿದರೆ ಕೆಂಪು
ನಡುವಿನಿಂದ ಅಂಚಿಗೆ ಹರಿಯಬೇಕು.
ಒಂದು ಮೂಲೆ ಮೊದಲೇ ಉರಿದರೆ ಚಿಮಟದಲ್ಲಿ ಹಿಂಡುತ್ತಾಳೆ,
ತುಂಟ ಹುಡುಗನ ಕಿವಿಯ ಹಾಗೆ.

ಆಮೇಲೆ ಹತ್ತಿ.
ಬೆರಳು ತಾನಾಗಿ ಹೊಸೆಯತೊಡಗುತ್ತದೆ.
ಬೇಡ, ನೂಲಾದರೆ ಕೆಟ್ಟಿತು, ರಸ ಹೀರದು.
ಬಿಗಿಯಾದರೆ ಕಮರು,
ಸಡಿಲಾದರೆ ಸೋರಿ ಜೇಬೆಲ್ಲ ಚೆರ್ರಿ ವಾಸನೆ.

‘ಹದ ಅಂದರೆ ಎಷ್ಟು?’
ಮುಂದಿನ ಸಲ ತಾನೇ ಕಟ್ಟುವವನಂತೆ ಕೇಳುತ್ತಾನೆ.
ನಡುಗುವ ಅವನ ಕೈಯತ್ತ ಅವಳು ನೋಡುವುದಿಲ್ಲ.
ಬತ್ತಿ ಎಳೆದು ತೋರಿಸುತ್ತಾಳೆ:
ತಂತಿ ಅಲುಗಬಾರದು,
ಹತ್ತಿ ಮಾತ್ರ ಇಷ್ಟೇ ಇಷ್ಟು ತಡೆಯಬೇಕು,
ಹೊರಟವಳ ತೋಳನ್ನು ಯಾರೋ
ಹಿಡಿದು, ಬಿಟ್ಟಂತೆ.

ಒಂದು ದಮ್ಮು ಎಳೆದ.
ಕಿಟಕಿ ಬೆಳ್ಳಗಾಯಿತು, ಎದುರಿನ ಹಳೇ ಚಿಮಣಿ
ಒಂದು ಗಳಿಗೆ ಮಾಯ.

‘ಕಮರು,’ ಅಂದ.

ಶುದ್ಧ ಸುಳ್ಳು.
ಅವಳು ಮತ್ತೆ ಹತ್ತಿಯ ಪೊಟ್ಟಣ ಬಿಚ್ಚಿದಳು.