ಶ್ರುತಿ ಕೂಡಿಸುವವನ ಟೈರು

ಅಕ್ಟೋಬರಿನಲ್ಲಿ ಬಂದಿದ್ದ ಆರ್ವಿಡ್ ಹೀಟಾಲಾ,
ಪಿಯಾನೋಗಳ ಶ್ರುತಿ ಕೂಡಿಸುವವ.
ಮ್ಯೂನಿಸಿಂಗಿನ ಇಗರ್ಜಿಯದು, ನ್ಯೂಬರಿಯ ಶಾಲೆಯದು,
ಯಾರೂ ನುಡಿಸದ ಯಾವುದೋ ಹೋಟೆಲಿನ ಪಡಸಾಲೆಯದು,
ಎಲ್ಲದರ ಕಿವಿ ಹಿಂಡಿ ಬರುವುದು ಅವನ ಕಸುಬು.

"ಮತ್ತೆ ಇದೇ ಟೈರು ಬೇಡ" ಅಂದ, ಕೈಗವಸು ಬಿಚ್ಚುತ್ತ,
"ಹಾದಿಯುದ್ದಕ್ಕೂ ಗುಂಯ್ ಅನ್ನುತ್ತದೆ, ಒಂದೇ ಸ್ವರ,
ಅದೂ ಅರ್ಧ ಕೂದಲೆಳೆ ಕೆಳಗೆ.
ಎಪ್ಪತ್ತು ಮೈಲಿ ಅದನ್ನು ಕೇಳಿಸಿಕೊಂಡು ಹೋಗಿ ಕೂತರೆ
ಯಾವ ತಂತಿಯೂ ನನ್ನ ಮಾತು ಕೇಳುವುದಿಲ್ಲ."

ನಾನು ವ್ಯಾಪಾರಿ. ಹೇಳಬೇಕಾದ್ದು ಹೇಳಿದೆ:
ನೋಡಪ್ಪಾ, ಇದು ರನ್‌ಫ್ಲಾಟ್. ಮಗ್ಗುಲು ದಪ್ಪ.
ಮೊಳೆ ಚುಚ್ಚಲಿ, ಗಾಜು ಸೀಳಲಿ, ಗಾಳಿ ಪೂರ್ತಿ ಹೋಗಲಿ,
ಉಸಿರೆತ್ತದೆ ಇನ್ನೂ ಐವತ್ತು ಮೈಲಿ ಹೊರುತ್ತದೆ ನಿನ್ನನ್ನು,
ಐವತ್ತರ ವೇಗ ಮೀರದಿದ್ದರೆ.
ಸ್ಟೆಪ್ನಿ ಬೇಕಿಲ್ಲ; ಅದರ ಜಾಗದಲ್ಲಿ ನಿನ್ನ ಪೆಟ್ಟಿಗೆ ಇಡಬಹುದು.
ಗುಂಡಿಗೆ ಬಿದ್ದರೆ ಮಾತ್ರ ನೇರ ಸೊಂಟಕ್ಕೇ ಲೆಕ್ಕ ಒಪ್ಪಿಸುತ್ತದೆ.
ಒಮ್ಮೆ ಬರಿದಾಗಿ ಓಡಿದ್ದಕ್ಕೆ ನಾನು ತೇಪೆ ಹಾಕುವುದಿಲ್ಲ. ಬಿಸಾಡಬೇಕು.
ಇದು ಮಾಮೂಲಿಯದು, ಎಲ್ಲ ಋತುವಿಗೂ ಆಗುತ್ತದೆ,
ದೂರದ ಹಾದಿಗೆ ಮೆತ್ತನೆ ನಡೆ, ನಾಲ್ಕಕ್ಕೆ ಇನ್ನೂರೆಂಬತ್ತು ಡಾಲರ್ ಕಡಿಮೆ.
ತೂತಾದರೆ ನಿಂತಲ್ಲೇ ನೆಲ ಕಚ್ಚುತ್ತದೆ. ನಾಚಿಕೆಯಿಲ್ಲ ಅದಕ್ಕೆ.
ಇಳಿ, ಜಾಕ್ ಕೊಡು, ಹಿಮದಲ್ಲಿ ಮಂಡಿಯೂರು.
ಮರುದಿನ ಒಂದು ತೇಪೆ, ಮತ್ತೆ ಮೂರು ವರ್ಷ.

ಅವನು ಎರಡನೆಯದಕ್ಕೆ ಕೈ ಚಾಚಿದ್ದ.
ಹಿಂದಿನಿಂದ ಹೆಂಡತಿ, ವೆರ್ನಾ, ದುಡ್ಡು ಎಣಿಸುತ್ತ:
"ಮೊದಲಿನದೇ ಇರಲಿ. ರಾತ್ರಿಹೊತ್ತು ಸೀನಿ ದಾಟಬೇಕು ಅವನು,
ಇಪ್ಪತ್ತೈದು ಮೈಲಿ ಒಂದು ತಿರುವಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ."
ನನ್ನ ಕಡೆ ನೋಡಿದಳು, ಇನ್ನೂ ಏನೋ ಹೇಳುವವಳಂತೆ.
ಹೇಳಲಿಲ್ಲ.

ಫೆಬ್ರವರಿಯಲ್ಲಿ ಲಾರಿಯ ಬೆನ್ನೇರಿ ಬಂತು ಕಾರು.
ಹಿಂದಿನ ಬಲಚಕ್ರ. ಕಿತ್ತು, ರಿಮ್ಮಿನಿಂದ ಬಿಡಿಸಿ, ಬಗ್ಗಿಸಿದರೆ
ಒಳಗಿಂದ ಸುರಿಯಿತು ಕರಿ ಪುಡಿ, ಎರಡು ಬೊಗಸೆ,
ಹುರಿದು ಸೀದ ಕಾಫಿಯ ಹಾಗೆ.
ತೊಂಬತ್ತು ಮೈಲಿ, ಕಮ್ಮಿಯೆಂದರೂ.

"ಹಳದಿ ದೀಪ ಹತ್ತಲಿಲ್ಲವೇ?"
"ಹತ್ತಿತ್ತು. ಚಳಿಗೆ ಅಂದುಕೊಂಡೆ."
"ಸದ್ದು? ರಿಮ್ಮು ಡಾಂಬರು ಕೆರೆಯುವಾಗ ಹಂದಿ ಕೂಗಿದ ಹಾಗೆ..."
ಆರ್ವಿಡ್ ನನ್ನ ತುಟಿ ನೋಡುತ್ತಿದ್ದ.
ಕಂಪ್ರೆಸರ್ ನಿಲ್ಲಿಸಿದೆ.
ಆಗಲೂ ತುಟಿಯನ್ನೇ.

ಮಗ್ಗುಲು ಗಟ್ಟಿಯಿದ್ದದ್ದು ಹೊರಗೆ ತೋರಿಸಿಕೊಳ್ಳುವುದಿಲ್ಲ.
ಮೂವತ್ತೊಂದು ವರ್ಷ ಬಿಚ್ಚಿದ್ದೇನೆ,
ಟೈರಿನ ಮಾತು ಹೇಳುತ್ತಿದ್ದೇನೆ.

ಮಾಮೂಲಿಯ ನಾಲ್ಕು ಹಾಕಿದೆ. ಡಿಕ್ಕಿಯಲ್ಲಿ ಒಂದು ಸ್ಟೆಪ್ನಿ,
ಹಳೆಯದು, ಲೆಕ್ಕಕ್ಕಿಲ್ಲ.
ಜಾಕಿನ ತಲೆ ಎಲ್ಲಿ ಕೂರಬೇಕೆಂದು ತೋರಿಸಿದೆ, ಎರಡು ಸಲ.
ಇದರ ಗಾಳಿ ಹೋದರೆ ಕೂತ ಸೀಟಿಗೇ ತಿಳಿಯುತ್ತದೆ, ಅಂದೆ, ಜೋರಾಗಿ,
ಕಿವಿಗೆ ಕೆಲಸವಿಲ್ಲ.
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ಜೇಬಿನಿಂದ ಶ್ರುತಿಕವೆ ತೆಗೆದು
ಹೊಸ ರಬ್ಬರಿಗೆ ಒಮ್ಮೆ ತಟ್ಟಿ, ಅದರ ಹಿಡಿಯನ್ನು
ಹಲ್ಲಲ್ಲಿ ಕಚ್ಚಿ ನಿಂತ, ಕಣ್ಣು ಮುಚ್ಚಿ,
ನಡುಕ ನಿಲ್ಲುವವರೆಗೆ.
ವೆರ್ನಾ ಕಾರಿನೊಳಗೆ ಕೂತು ಗಾಜಿನ ಮಂಜು ಒರೆಸುತ್ತಿದ್ದಳು,
ಒರೆಸಿದ್ದನ್ನೇ ಒರೆಸುತ್ತಿದ್ದಳು, ಇತ್ತ ನೋಡದೆ.

"ಸರಿಯಿದೆ" ಅಂದ.
ಯಾವುದು ಅಂತ ನಾನು ಕೇಳಲಿಲ್ಲ.
ಬಿಲ್ಲಿನಲ್ಲಿ ಬರೆದೆ: ಟೈರು ನಾಲ್ಕು, ಕೂಲಿ,
ಗಾಳಿ ಪುಕ್ಕಟೆ.